ಪಾರ್ವತವ್ವನ ಕೊಡ ಮುಳುಗಿದ್ದು

ಬನವಾಸಿ ದಾರಿಯ ಮಾವಿನಕೊಪ್ಪದಲ್ಲಿ ಯಾರ ಮನೆಯ ಕೊಡ ಬಾವಿಗೆ ಬಿದ್ದರೂ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಗುರುಶಾಂತವ್ವನದು. ಅವಳ ಮನೆಯಲ್ಲಿ ಪಾತಾಳಗರಡಿ ಇತ್ತು. ಕಬ್ಬಿಣದ ಒಂದು ದಪ್ಪ ಬಳೆ, ಅದರ ಸುತ್ತ ಸರಪಳಿಗಳಿಂದ ನೇತಾಡುವ ಕೊಕ್ಕೆಗಳು. ಹಗ್ಗ ಕಟ್ಟಿ ಬಾವಿಗೆ ಇಳಿಸಿ ತಳ ಸವರಿದರೆ ಬಿದ್ದ ಸಾಮಾನು ಯಾವುದಾದರೊಂದು ಕೊಕ್ಕೆಗೆ ಸಿಕ್ಕಿ ಮೇಲೆ ಬರಬೇಕು. ಎಲ್ಲರ ಕೈಯಲ್ಲೂ ಬರುತ್ತಿತ್ತೆಂದಲ್ಲ. ಊರಿನ ಗಂಡಸರು ಇದರಲ್ಲೇನು ಮಹಾ ವಿದ್ಯೆ ಎಂದು ಗರಡಿಯನ್ನು ಕೇಳಿ ಒಯ್ದು, ಬಟ್ಟೆ ಒಗೆಯುವವರ ಹಾಗೆ ಎತ್ತಿ ಎತ್ತಿ ಕುಕ್ಕಿ, ಕಾಣುತ್ತಿದ್ದ ಕೊಡವನ್ನೂ ಕೆಸರಿನಲ್ಲಿ ಹೂತು, ಬೆವರು ಒರೆಸಿಕೊಳ್ಳುತ್ತ ಮತ್ತೆ ಅವಳ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದಳು. ನಾಲ್ಕು ಮಾತು ಅಂದೇ ಹೊರಡುತ್ತಿದ್ದಳು, ಅದು ಬೇರೆ.

ಗಂಡ ತೀರಿಕೊಂಡಾಗ ಅವಳ ಕಂಕುಳಲ್ಲಿ ಜಯಾ ಎಂಬ ಕೂಸು, ಮನೆಯಲ್ಲಿ ಮುದುಕ ಮಾವ. ಗರಡಿ ಆ ಮಾವನದು. ಕಣ್ಣು ಮಂಜಾದ ಮೇಲೆ ಆತ ಸೊಸೆಯನ್ನು ಬಾವಿಕಟ್ಟೆಗೆ ಕರೆದೊಯ್ದು, ಹಗ್ಗ ಅವಳ ಕೈಗೆ ಕೊಟ್ಟು, ತಾನು ಪಕ್ಕದಲ್ಲಿ ಕೂತು ಕಲಿಸಿದ. ಮೊದಲು ಕಲಿಸಿದ್ದು ಗರಡಿಯನ್ನಲ್ಲ, ನೀರನ್ನು. ತಾಮ್ರದ ಖಾಲಿ ಕೊಡವನ್ನು ಬಾಯಿ ಮೇಲೆ ಮಾಡಿ ಮೆಲ್ಲಗೆ ಇಳಿಬಿಡಲು ಹೇಳಿದ. ಕಾಲ ಮೇಲೆ ಬಿದ್ದರೆ ಬೆರಳು ಮುರಿಯುವಂಥ ಕೊಡ, ನೀರಿನ ಮೇಲೆ ಬಾತುಕೋಳಿಯ ಹಾಗೆ ತೇಲಿಕೊಂಡು ಕುಣಿಯತೊಡಗಿತು.

"ತನ್ನ ಹೊಟ್ಟಿ ಅಷ್ಟು ನೀರನ್ನ ಆ ಕಡೆ ಈ ಕಡೆ ಸರಿಸಿ ಕುಂತೈತಿ ಅದು," ಎಂದ ಮಾವ. "ಸರದ ನೀರು ಸುಮ್ಮನ ಇರೂದಿಲ್ಲವ್ವಾ. ತನ್ನ ಜಾಗಾ ತನಗ ಬೇಕಂತ ಕೊಡಾನ ಮ್ಯಾಲ ನೂಕತಿರತೈತಿ. ಎಷ್ಟು ಸರದೈತೋ ಅಷ್ಟು ತೂಕದ ನೂಕು. ಈಗ ಅದನ್ನ ವಾಲಸು."

ವಾಲಿಸಿದಳು. ಕೊಡ ಗುಳುಗುಳು ಎಂದು ನೀರು ಕುಡಿಯಿತು, ಹೊಟ್ಟೆಯ ಜಾಗವನ್ನು ನೀರಿಗೇ ವಾಪಸು ಕೊಟ್ಟಿತು, ಇನ್ನು ಸರಿಸಲು ತನ್ನ ತಾಮ್ರದ ತಗಡಿನಷ್ಟು ಮಾತ್ರ ಉಳಿಯಿತು. ಅಷ್ಟು ನೂಕು ತಾಮ್ರವನ್ನು ಹೊರಲು ಸಾಲದು. ಮುಳುಗಿತು. ಮುಳುಗಿದ ಮೇಲೂ ನೀರು ಅದನ್ನು ಪೂರ್ತಿ ಕೈಬಿಡುವುದಿಲ್ಲ ಎಂದು ಮಾವ ತೋರಿಸಿಕೊಟ್ಟ. ತುಂಬಿದ ಕೊಡ ನೀರಿನೊಳಗೆ ಇರುವ ತನಕ ಹಗುರ, ಅದರೊಳಗಿನ ನೀರಿಗೆ ಅಲ್ಲಿ ತೂಕವೇ ಇಲ್ಲ. ಮೇಲೆ ಬಂದು ಗಾಳಿ ಸೋಕಿದೊಡನೆ ತೋಳು ಕಿತ್ತು ಬರುವ ಭಾರ. ನೀರು ಸೇದುವ ಯಾವ ಹೆಂಗಸಿನ ರಟ್ಟೆಗೂ ಇದು ಗೊತ್ತು, ಆದರೆ ಗೊತ್ತಿದೆ ಎಂಬುದು ಗೊತ್ತಿರುವುದಿಲ್ಲ. ಗುರುಶಾಂತವ್ವನಿಗೆ ಅದು ಗೊತ್ತಾಯಿತು. ಆಮೇಲೆ ಅವಳು ಹಗ್ಗ ಹಿಡಿದರೆ ಕೆಳಗೆ ಸಿಕ್ಕಿದ್ದು ಹಿತ್ತಾಳೆಯೋ ಕಬ್ಬಿಣದ ಬಕೀಟೋ, ಹೊಟ್ಟೆಯಲ್ಲಿ ಕೆಸರಿದೆಯೋ ಬರೀ ನೀರೋ, ಕೈಯಲ್ಲೇ ತಿಳಿಯುತ್ತಿತ್ತು. ಜಯಾ ಬಾವಿಕಟ್ಟೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತು, "ಅವ್ವಾ, ಏನ ಐತಿ?" ಎಂದು ಕೇಳುವುದು, ತಾಯಿ ಕಣ್ಣು ಮುಚ್ಚಿಕೊಂಡು ಹೇಳುವುದು, ಅದು ಹಾಗೆಯೇ ಮೇಲೆ ಬರುವುದು, ಇಬ್ಬರೂ ನಗುವುದು. ತಾಯಿ ಮಗಳಿಗೆ ಇದಕ್ಕಿಂತ ದೊಡ್ಡ ಆಟ ಬೇಕಿರಲಿಲ್ಲ.

ಗರಡಿಗೆ ಒಂದು ಕಟ್ಟು ಇತ್ತು. ಅದು ಮನೆ ಬಿಟ್ಟು ಹೊರಟರೆ ಅದರ ಜಾಗ ಬರಿದಾಗಿರಬಾರದು. ಕೇಳಲು ಬಂದವರು ತಮ್ಮ ಮನೆಯ ಒಂದು ಪಾತ್ರೆಯನ್ನು ತಂದು, ಗರಡಿ ತೂಗುಹಾಕುವ ಗೂಟದ ಕೆಳಗೆ ಇಡಬೇಕು. ಗರಡಿ ವಾಪಸು ಬಂದ ಮೇಲೆ ಪಾತ್ರೆ ಒಯ್ಯಬೇಕು. ಗುರುಶಾಂತವ್ವ ತಾನೇ ಗರಡಿಯ ಜೊತೆ ಹೋಗುವಾಗಲೂ ಈ ಕಟ್ಟನ್ನು ಮುರಿಯುತ್ತಿರಲಿಲ್ಲ. ಮಂದಿಯೂ ಅದನ್ನು ಒಂದು ಮರ್ಯಾದೆಯೆಂದೇ ತಿಳಿದಿದ್ದರು. ದೊಡ್ಡ ಮನೆಯವರು ದೊಡ್ಡ ಪಾತ್ರೆ ಇಡುತ್ತಿದ್ದರು, ಇಟ್ಟದ್ದು ಇಟ್ಟ ಹಾಗೇ ಮರಳುತ್ತಿತ್ತು.

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿದ ವರ್ಷ ಶಂಕ್ರಪ್ಪನ ಮನೆಯ ಬಕೀಟು ಬಾವಿಗೆ ಬಿತ್ತು. ಶಂಕ್ರಪ್ಪ ಬೆಲ್ಲದ ವ್ಯಾಪಾರಿ, ಅನುಕೂಲಸ್ಥ. ಅವನ ಹೆಂಡತಿ ಪಾರ್ವತವ್ವ ತಾನೇ ಬಂದು, ತವರಿನಿಂದ ತಂದ ತಾಮ್ರದ ಕೊಡವನ್ನು ಗೂಟದ ಕೆಳಗೆ ಇಟ್ಟಳು. ಕೊರಳ ಸುತ್ತ ಅವಳ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದ ಕೊಡ. ಅಂಥದ್ದನ್ನು ಇಟ್ಟದ್ದಕ್ಕೆ ಕಾರಣವಿತ್ತು. ಅವಳ ಮಗ ದ್ಯಾಮಪ್ಪನಿಗೆ ಜಯಾಳನ್ನು ತರುವ ಮಾತು ಮುಕ್ಕಾಲು ಮುಗಿದಿತ್ತು. "ಇನ್ನೇನ, ನಿನ್ನ ಮನಿ ನನ್ನ ಮನಿ ಬ್ಯಾರೆ ಏನ?" ಎಂದು ಹೇಳಿ ಹೋದಳು.

ಜಯಾ ಆಗ ಸೋದರಮಾವನ ಊರಿಗೆ ಹೋಗಿದ್ದಳು. ಗುರುಶಾಂತವ್ವನಿಗೆ ಗರಡಿ ಕಲಿಸಿದ ಮಾವ ಎಂದೋ ತೀರಿಕೊಂಡಿದ್ದ. ಮನೆ ಬರಿದು ಬಿಟ್ಟು ಹೋಗಬೇಕಲ್ಲ ಎಂದು ಗುರುಶಾಂತವ್ವ ಬಾಗಿಲಲ್ಲಿ ನಿಂತು ಯೋಚಿಸುತ್ತಿರುವಾಗ ನೀಲಗಂಗವ್ವ ಹಿತ್ತಿಲ ಬೇಲಿ ದಾಟಿ ಬಂದಳು. "ಹೋಗಕ್ಕಾ, ನಾ ಕುಂದರ್ತೀನಿ," ಎಂದಳು.

ನೀಲಗಂಗವ್ವ ಹಿಂದಿನ ಮನೆಯವಳು, ಪ್ರಾಣದ ಗೆಳತಿ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಗುರುಶಾಂತವ್ವ ಗಂಡನನ್ನು ಕಳೆದುಕೊಂಡಾಗ ಬಾಯಿಗೆ ಗಂಜಿ ಹಾಕಿದವಳು ನೀಲಾ. ನೀಲಾಳ ಮಗಳು ಗೌರವ್ವ ವಿಷಮಜ್ವರದಲ್ಲಿ ಮಲಗಿದಾಗ ತೊಡೆಯ ಮೇಲೆ ಹಾಕಿಕೊಂಡು ಕೂತವಳು ಗುರುಶಾಂತವ್ವ. ಆ ಮನೆಯ ಸಾರು ಈ ಮನೆಗೆ, ಈ ಮನೆಯ ಪಲ್ಯ ಆ ಮನೆಗೆ. ಅಂಥವಳು ಕುಂದರ್ತೀನಿ ಅಂದ ಮೇಲೆ ಬಾಗಿಲಿಗೆ ಚಿಲಕ ಯಾಕೆ?

ಬಕೀಟು ಬೇಗ ಸಿಕ್ಕಿತು. ಗುರುಶಾಂತವ್ವ ವಾಪಸು ಬಂದಾಗ ಗೂಟದ ಕೆಳಗೆ ಕೊಡ ಇರಲಿಲ್ಲ, ನೀಲಾಳೂ ಇರಲಿಲ್ಲ. ಕರೆದು ಕೇಳಿದರೆ ಅವಳ ಮುಖ ಬಿಳಿಚಿತು. ಒಲೆಯ ಮೇಲೆ ಹಾಲು ಇಟ್ಟಿದ್ದೆ, ಇಳಿಸಿ ಬರೋಣವೆಂದು ಹೋಗಿದ್ದೆ, ಅಷ್ಟರಲ್ಲಿ ಯಾರು ಬಂದರೋ ಎಂದು ಎದೆ ಬಡಿದುಕೊಂಡಳು. "ಅಕ್ಕಾ, ನನ್ನ ಹೆಸರು ಬಂದ್ರ ನನ್ನ ಗಂಡ ನನ್ನ ಕಡದ ಹಾಕತಾನ," ಎಂದು ಅತ್ತಳು. ಗುರುಶಾಂತವ್ವ ತನ್ನ ಸೆರಗಿನಲ್ಲಿ ಅವಳ ಕಣ್ಣು ಒರೆಸಿದಳು.

ಮಾರನೆಯ ದಿನ ಶಂಕ್ರಪ್ಪನ ಪಡಸಾಲೆಯಲ್ಲಿ ಹಿರಿಯರು ಕೂತರು. ಹೆಂಗಸರು ಬಾಗಿಲ ಮರೆಯಲ್ಲಿ ನಿಂತರು. ಗುರುಶಾಂತವ್ವ ಲಿಂಗ ಮುಟ್ಟಿ, ಕೊಡವನ್ನು ತಾನು ತೆಗೆದಿಲ್ಲವೆಂದು ಹೇಳಿದಳು. ಶಂಕ್ರಪ್ಪ ಒಂದೇ ಪ್ರಶ್ನೆ ಕೇಳಿದ. "ನೀ ಗರಡಿ ತಗೊಂಡು ಬಂದಾಗ ನಿನ್ನ ಮನ್ಯಾಗ ಯಾರಿದ್ರು?"

ಬಾಗಿಲ ಮರೆಯಲ್ಲಿ ನೀಲಾ ನಿಂತಿದ್ದಳು. ಗುರುಶಾಂತವ್ವ ಅವಳನ್ನು ನೋಡಿದಳು, ನೋಡಿ ಹೇಳಿದಳು. "ಯಾರೂ ಇರ್ಲಿಲ್ರಿ."

ನೀಲಾ ತಲೆ ತಗ್ಗಿಸಿದಳು. ಅದು ಉಪಕಾರ ಸ್ಮರಣೆಯೆಂದು ಗುರುಶಾಂತವ್ವ ತಿಳಿದಳು. ಗೆಳತಿಯನ್ನು ಕಾಪಾಡಿದೆನೆಂಬ ಒಂದು ಸಮಾಧಾನ ಆ ಹೊತ್ತಿನಲ್ಲೂ ಅವಳಿಗಿತ್ತು. ಬುದ್ಧಿವಂತಳೆಂದು ಹೆಸರಾದ ಹೆಂಗಸು, ಬಾವಿಯ ತಳದಲ್ಲಿರುವುದನ್ನು ಕಣ್ಣು ಮುಚ್ಚಿ ಹೇಳುವವಳು, ಎದುರಿಗೆ ನಿಂತವಳ ಮುಖ ಓದಲಾರದೆ ಹೋದಳು.

ಕೊಡ ಕದ್ದವಳ ಮಗಳನ್ನು ಸೊಸೆಯಾಗಿ ತರುವವರು ಯಾರು? ಸಂಬಂಧ ಮುರಿಯಿತು. ಮುಂದಿನ ಬೇಸಿಗೆಗೆ ಅದೇ ದ್ಯಾಮಪ್ಪನಿಗೆ ಗೌರವ್ವನನ್ನು ಕೇಳಿಕೊಂಡು ಬಂದರು. ನೀಲಾ ಓಡಿ ಬಂದು ಗೆಳತಿಯ ಕೈ ಹಿಡಿದುಕೊಂಡು, ನೀನು ಬೇಡ ಅಂದರೆ ಬೇಡವೆನ್ನುತ್ತೇನೆ ಅಂದಳು. ಗುರುಶಾಂತವ್ವ ಹೇಗೆ ಬೇಡ ಎಂದಾಳು? ತನ್ನ ತೊಡೆಯ ಮೇಲೆ ಜ್ವರ ಬಿಟ್ಟ ಹುಡುಗಿ. ಮದುವೆಯಲ್ಲಿ ವಿಧವೆಗೆ ಜಾಗವಿಲ್ಲದಿದ್ದರೂ ಹಿಂದಿನ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸಿದಳು. ಜಯಾ ಮಾತ್ರ ಆ ದಿನ ತಲೆನೋವೆಂದು ಮಲಗಿದ್ದಳು.

ಆಮೇಲೆ ಜಯಾಳಿಗೆ ಬಂದ ಗಂಡುಗಳೆಲ್ಲ ಊರ ಬಾಗಿಲಿನಿಂದಲೇ ತಿರುಗಿ ಹೋದವು. ಅವಳು ಹೊಲಿಗೆ ಕಲಿತು, ಕಟ್ಟೆಯ ಮೇಲೆ ಮಿಶಿನ್ನು ಹಾಕಿಕೊಂಡು ಕೂತಳು. ತಾಯಿಯನ್ನು ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಊರೆಲ್ಲ ಒಂದು ಕಡೆಯಾದರೂ ಮಗಳು ತನ್ನ ಕಡೆ ಇದ್ದಾಳಲ್ಲ ಎಂದು ಗುರುಶಾಂತವ್ವ ಆ ಮೌನವನ್ನೇ ಎದೆಗೆ ಒತ್ತಿಕೊಂಡು ಬದುಕಿದಳು. ಬಾವಿಗೆ ಬೀಳುವ ಕೊಡಗಳು ನಿಲ್ಲಲಿಲ್ಲ, ಕರೆಯುವವರೂ ನಿಲ್ಲಲಿಲ್ಲ. ಆದರೆ ಗೂಟದ ಕೆಳಗೆ ಇಡಲು ಈಗ ತಳ ಒಡೆದ ತಂಬಿಗೆ ತರುತ್ತಿದ್ದರು, ಕಿವಿ ಮುರಿದ ಕೊಳಗ ತರುತ್ತಿದ್ದರು. ಅವಳು ಬಾವಿಯಿಂದ ಎತ್ತಿದ ಸಾಮಾನನ್ನು ಕಟ್ಟೆಯ ಮೇಲೆ ಇಡುವ ಮೊದಲೇ ಕಸಿದುಕೊಳ್ಳುತ್ತಿದ್ದರು. ಹೊರಡುವಾಗ ನಾಲ್ಕು ಮಾತು ಅನ್ನುವುದನ್ನು ಅವಳು ಬಿಟ್ಟಳು.

ಊರಿನ ಎಲ್ಲ ಬಾವಿಗಳಿಗೂ ಗರಡಿ ಇಳಿಯಿತು, ನೀಲಗಂಗವ್ವನ ಬಾವಿಗೆ ಇಳಿಯಲಿಲ್ಲ. "ನಿನ್ನ ಬಾವಿ ಭಾಳ ಶಾಣ್ಯಾ ಐತಿ, ಏನೂ ನುಂಗೂದಿಲ್ಲ," ಎಂದು ಗುರುಶಾಂತವ್ವ ಚೇಷ್ಟೆ ಮಾಡಿದರೆ ನೀಲಾ ನಕ್ಕು ಮಾತು ತಿರುಗಿಸುತ್ತಿದ್ದಳು.

ವರ್ಷಗಳು ಹೋದವು. ಗೌರವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದು ಮಂಗಳವಾರ ನೀಲಾ ಮತ್ತು ಅವಳ ಗಂಡ ಸಿರಸಿ ಸಂತೆಗೆ ಹೋದರು. ಆಲೆಮನೆಯ ಕಾಲ, ಊರಿನ ಮಂದಿಯೆಲ್ಲ ಕಬ್ಬಿನ ಗದ್ದೆಯಲ್ಲಿ. ಗೌರವ್ವನ ಕೈಯಿಂದ ಹಗ್ಗ ಜಾರಿ ಬಕೀಟು ಬಿತ್ತು. ಅವಳು ಒಂದು ಹೊಸ ಹಿತ್ತಾಳೆ ತಂಬಿಗೆ ಹಿಡಿದುಕೊಂಡು ಬೇಲಿ ದಾಟಿ ಬಂದಳು.

"ದೊಡ್ಡವ್ವಾ, ಅವ್ವ ಬರೂದ್ರಾಗ ತಗದ ಕೊಡ. ಬೈತಾಳ ನನಗ," ಎಂದಳು. ಮುತ್ತಿನಂಥ ತಂಬಿಗೆಯನ್ನು ಗೂಟದ ಕೆಳಗೆ ಇಟ್ಟಳು. ಒಡೆಯದ ಪಾತ್ರೆಯೊಂದು ಆ ಜಾಗದಲ್ಲಿ ಕೂತು ಎಷ್ಟು ಕಾಲವಾಗಿತ್ತು.

ಗರಡಿ ಇಳಿಸಿದಳು. ಬಕೀಟು ಗೋಡೆಯ ಬದಿಯಲ್ಲೇ ಸಿಕ್ಕಿತು, ಎತ್ತಿ ಇಟ್ಟಳು. ಬಂದಿದ್ದೇನೆ, ತಳವನ್ನೊಮ್ಮೆ ಪೂರ್ತಿ ಸವರಿಬಿಡೋಣ ಎಂದು ಮತ್ತೆ ಇಳಿಸಿದಳು. ನಡುವಿನಲ್ಲಿ ಕೊಕ್ಕೆ ಏನನ್ನೋ ಕಚ್ಚಿತು. ಹಗ್ಗ ಎಳೆದಳು. ಕೆಸರಿನಿಂದ ಬಿಡಿಸಿಕೊಂಡು ಮೇಲೆದ್ದದ್ದು ಕೊಡದ ಹಾಗಿತ್ತು, ಆದರೆ ಕೊಡದಷ್ಟು ಹಗುರ ಇರಲಿಲ್ಲ. ಕೆಸರು ಇರಬೇಕೆಂದು ನೀರೊಳಗೇ ಜಾಲಾಡಿಸಿದಳು. ಕೆಸರು ಜಾಲಾಡಿಸಿದರೆ ಕರಗಿ ಹೋಗುತ್ತದೆ, ಭಾರ ಇಳಿಯುತ್ತದೆ. ಕೊಂಚ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಇನ್ನೊಮ್ಮೆ ಜಾಲಾಡಿಸಿದಾಗ ಒಳಗಿನಿಂದ ಏನೋ ತಾಮ್ರಕ್ಕೆ ಬಡಿದದ್ದು ಹಗ್ಗದ ಉದ್ದಕ್ಕೂ ಅವಳ ಅಂಗೈಗೆ ಬಂತು. ಕಲ್ಲು. ಬಾವಿಗೆ ಬಿದ್ದ ಕೊಡ ನೀರು ಕುಡಿಯುತ್ತದೆ, ಕೆಸರು ತಿನ್ನುತ್ತದೆ. ಅಷ್ಟು ದೊಡ್ಡ ಕಲ್ಲನ್ನು ತಾನಾಗಿ ನುಂಗುವುದಿಲ್ಲ.

ಕಟ್ಟೆಯ ಮೇಲೆ ಬೋರಲು ಹಾಕಿದಳು. ಕಪ್ಪು ನೀರಿನ ಜೊತೆ ಖಾರ ಅರೆಯುವ ಗುಂಡೊಂದು ಉರುಳಿ ಬಂತು.

"ಅಯ್ಯ, ನಮ್ಮ ಖಾರದ ಗುಂಡು," ಎಂದಳು ಗೌರವ್ವ. "ಅವ್ವ ಎಷ್ಟು ಹುಡುಕಿದ್ಲು." ಆಮೇಲೆ ಕೊಡದ ಕೊರಳ ಮೇಲಿನ ಪಾಚಿಯನ್ನು ಬೆರಳಿನಿಂದ ಒರೆಸಿ, ಚುಕ್ಕಿಗಳನ್ನು ಕೂಡಿಸಿ ಓದಿದಳು. ಅದು ಅವಳ ಅತ್ತೆಯ ಹೆಸರು.

ಗುರುಶಾಂತವ್ವ ಕಟ್ಟೆಯ ಮೇಲೆ ಕೂತುಬಿಟ್ಟಳು. ಎಲ್ಲವೂ ಕಣ್ಣೆದುರು ನಡೆದ ಹಾಗೆ ಕಂಡಿತು. ಹೆಸರು ಕೊರೆದ ಕೊಡ, ಮಾರುವಂತಿಲ್ಲ, ಮನೆಯಲ್ಲಿ ಇಡುವಂತಿಲ್ಲ. ನೀಲಾ ಅದನ್ನು ಸೆರಗಿನಲ್ಲಿ ಮುಚ್ಚಿ ತಂದು ತನ್ನ ಬಾವಿಗೆ ಇಳಿಬಿಟ್ಟಿದ್ದಾಳೆ. ಸದ್ದಾಗಬಾರದೆಂದು ಮೆಲ್ಲಗೆ ಬಿಟ್ಟಿದ್ದಾಳೆ. ಮೆಲ್ಲಗೆ ಬಿಟ್ಟ ಖಾಲಿ ಕೊಡ ಮುಳುಗುವುದಿಲ್ಲ. ಅದು ತೇಲಿದೆ. ಬಾಯಿ ಮೇಲೆ ಮಾಡಿಕೊಂಡು, ಅವಳನ್ನೇ ನೋಡುತ್ತ, ಕುಣಿಯುತ್ತ ನಿಂತಿದೆ. ಆಗಲಾದರೂ ಅವಳು ಅದನ್ನು ಮೇಲೆ ಸೇದಿ, ಗೂಟದ ಕೆಳಗೆ ವಾಪಸು ಇಡಬಹುದಿತ್ತು. ಅಷ್ಟು ಹೊತ್ತು ನೀರು ಕೊಡವನ್ನು ಎತ್ತಿ ಹಿಡಿದಿತ್ತು. ಅವಳು ಅಡುಗೆಮನೆಗೆ ಹೋಗಿದ್ದಾಳೆ, ಗುಂಡು ತಂದಿದ್ದಾಳೆ. ಕೊಡವನ್ನು ಮತ್ತೆ ಮೇಲೆ ಸೇದಿಯೇ ಅದನ್ನು ಒಳಗೆ ಹಾಕಿರಬೇಕು. ಹಾಕಿ, ಮತ್ತೆ ಇಳಿಬಿಟ್ಟು, ವಾಲಿಸಿದ್ದಾಳೆ. ಕೈ ತಪ್ಪಿ ಆದದ್ದಾಗಿದ್ದರೆ ಗುರುಶಾಂತವ್ವ ಕ್ಷಮಿಸುತ್ತಿದ್ದಳೇನೋ. ಇದು ಕೈ ತಪ್ಪಿ ಆದದ್ದಲ್ಲ. ಅದನ್ನು ಮುಳುಗಿಸಿ ಬಂದು, ನನ್ನ ಸೆರಗಿಗೇ ಕಣ್ಣು ಒರೆಸಿಕೊಂಡಳಲ್ಲ ಎಂದು ನೆನೆದಳು.

ಆದರೆ ಅದರ ಹಿಂದೆಯೇ ಇನ್ನೊಂದು ಎದ್ದು ಬಂತು. ಕೊಡ ಸಿಕ್ಕಿತು. ಕಳಂಕ ಹೋಯಿತು. ಜಯಾ ತಲೆ ಎತ್ತಿ ಓಡಾಡಬಹುದು. ಗುರುಶಾಂತವ್ವ ಮನೆಗೂ ಹೋಗದೆ, ಗುಂಡನ್ನು ಕೊಡದೊಳಗೇ ಹಾಕಿಕೊಂಡು, ಸೊಂಟಕ್ಕೆ ಏರಿಸಿ ನಡೆದಳು. "ದೊಡ್ಡವ್ವಾ, ಬ್ಯಾಡ," ಎಂದು ಗೌರವ್ವ ಹಿಂದಿನಿಂದ ಕರೆದಳು. ತಿರುಗಿ ನೋಡಲಿಲ್ಲ.

ಶಂಕ್ರಪ್ಪನ ಪಡಸಾಲೆಯಲ್ಲಿ ಕೊಡ ಇಳಿಸಿದಳು. ಪಾರ್ವತವ್ವ ಅದನ್ನು ಗುರುತಿಸಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಳು. ಆಮೇಲೆ, ಇವಳ ಕೈಯಲ್ಲೇ ಬಂತಲ್ಲ ಎಂದು ಅವಳ ನೋಟ ಬದಲಾಯಿತು. ಎಲ್ಲಿತ್ತು ಎಂದು ಶಂಕ್ರಪ್ಪ ಕೇಳಿದ. ಗುರುಶಾಂತವ್ವ ಹೇಳಿದಳು. ಹೇಳಿದ್ದನ್ನು ಕೇಳಿ ಅವನು ಆಳು ಕಳಿಸಿ ಸೊಸೆಯನ್ನು ಕರೆಸಿದ. ಸಂತೆಯಿಂದ ಆಗಷ್ಟೇ ಇಳಿದ ನೀಲಗಂಗವ್ವನೂ ಮಗಳ ಜೊತೆ ಬಂದಳು. ಅಷ್ಟರಲ್ಲಿ ಗದ್ದೆಯಿಂದ ಮರಳಿದ ಮಂದಿ ಅಂಗಳದಲ್ಲಿ ನೆರೆದಿತ್ತು.

"ನಾ ಊರಾಗ ಇರ್ಲಿಲ್ರಿ," ಎಂದಳು ನೀಲಾ, ನೆಲ ನೋಡುತ್ತ. "ನಮ್ಮ ಬಾವ್ಯಾಗ ಇವರ ಕೊಡ ಯಾಕ ಇರತೈತಿ?"

"ನಿನ್ನ ಗುಂಡು ಅದರಾಗ ಐತಿ, ನೋಡ," ಎಂದಳು ಗುರುಶಾಂತವ್ವ. "ಬರೇ ಕೊಡ ತೇಲತಿತ್ತು. ಅದಕ್ಕ ಗುಂಡು ಹಾಕಿದಿ."

"ಗುಂಡು ಎಲ್ಲಾರ ಮನ್ಯಾಗೂ ಇರ್ತಾವು."

ಶಂಕ್ರಪ್ಪ ಸೊಸೆಯ ಕಡೆ ತಿರುಗಿದ. ಗೌರವ್ವ ತುಂಬಿದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಒಮ್ಮೆ ತಾಯಿಯನ್ನು, ಒಮ್ಮೆ ಅತ್ತೆಯನ್ನು ನೋಡಿದಳು. ಗುರುಶಾಂತವ್ವನನ್ನು ನೋಡಲಿಲ್ಲ. "ಬಕೀಟ ಬಂದದ್ದ ನೋಡೇನ್ರಿ," ಎಂದಳು. "ಆಮ್ಯಾಲ ನಾ ಒಳಗ ಹೋದೆ."

"ಕೊಡ ಕಳದ ದಿನ ನೀಲಾನೇ ನನ್ನ ಮನ್ಯಾಗ ಕುಂತಿದ್ಲು," ಎಂದಳು ಗುರುಶಾಂತವ್ವ.

"ಅವತ್ತ ಇದ ಜಾಗಾದಾಗ ನಿಂತು ಯಾರೂ ಇರ್ಲಿಲ್ಲ ಅಂದಿ," ಎಂದ ಶಂಕ್ರಪ್ಪ. ಅವನ ಮಾತಿನಲ್ಲಿ ಸಿಟ್ಟು ಇರಲಿಲ್ಲ. "ಇವತ್ತ ನೀಲಗಂಗವ್ವ ಇದ್ಲು ಅಂತಿ. ಯಾವುದನ್ನ ನಂಬೂಣು ನಾವು?"

ಗುರುಶಾಂತವ್ವ ನೀಲಾಳ ಕಡೆ ನೋಡಿದಳು. ಅವಳು ಒಂದು ಮಾತು ಹೇಳಿದರೆ ಸಾಕಿತ್ತು. ನೀಲಾ ಸೆರಗು ಹೊದ್ದು ಮಗಳ ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದಳು. ಅಂದು ಅವಳಿಗಾಗಿ ಆಡಿದ ಸುಳ್ಳನ್ನೇ ಇವತ್ತು ಅವಳು ಮರೆಗೆ ಹಿಡಿದಿದ್ದಳು.

ಪಾರ್ವತವ್ವ ಕೊಡವನ್ನು ಒಳಗೆ ಒಯ್ಯುವಾಗ ಹೊಸ್ತಿಲಲ್ಲಿ ನಿಂತಳು. "ಅವಾಗ ತಂದಿದ್ರ ನಿನ್ನ ಮಗಳು ಈ ಮನ್ಯಾಗ ಇರ್ತಿದ್ಲು," ಎಂದಳು. ಮಂದಿ ಒಬ್ಬೊಬ್ಬರಾಗಿ ಚದುರಿತು.

ಗುರುಶಾಂತವ್ವ ಮನೆಗೆ ಬಂದಳು. ಸುದ್ದಿ ಅವಳಿಗಿಂತ ಮೊದಲೇ ಬಂದು ಮುಟ್ಟಿತ್ತು. ಜಯಾ ಮಿಶಿನ್ನು ಮುಚ್ಚಿಟ್ಟು, ಕಂದೀಲಿನ ಗಾಜು ಒರೆಸುತ್ತಿದ್ದಳು. ಗುರುಶಾಂತವ್ವ ಅವಳ ಎದುರು ಕುಕ್ಕರಿಸಿ ಕೂತು, ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದಳು. ಹಗ್ಗದಲ್ಲಿ ಬಂದ ಭಾರವನ್ನು ಹೇಳಿದಳು, ತಾಮ್ರಕ್ಕೆ ಬಡಿದ ಕಲ್ಲನ್ನು ಹೇಳಿದಳು, ಗೌರವ್ವ ತಾನೇ ಹೆಸರು ಓದಿ ಆಮೇಲೆ ಬಾಯಿ ಮುಚ್ಚಿದ್ದನ್ನು ಹೇಳಿದಳು. ನೀನಾದರೂ ಬಲ್ಲೆಯಲ್ಲ, ಖಾಲಿ ಕೊಡ ಹಾಗೆ ಮುಳುಗುವುದಿಲ್ಲ, ಬಾವಿಕಟ್ಟೆಯ ಮೇಲೆ ಕೂತು ನೀನು ಎಷ್ಟು ಸಲ ನೋಡಿಲ್ಲ ಎಂದಳು. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು.

ಜಯಾ ಪೂರ್ತಿ ಕೇಳಿಸಿಕೊಂಡಳು. ಗಾಜನ್ನು ಕಂದೀಲಿಗೆ ಸಿಕ್ಕಿಸಿದಳು. ಎದ್ದು ಒಂದು ತಂಬಿಗೆ ನೀರು ತಂದು ತಾಯಿಯ ಮುಂದಿಟ್ಟು, ಅವಳ ಬೆನ್ನು ಸವರಿದಳು.

"ಹೋಗ್ಲಿ ಬಿಡವ್ವಾ," ಎಂದಳು ಮೆತ್ತಗೆ. "ಈಗರ ತಿರುಗಿ ಕೊಟ್ಟಿಯಲ್ಲ."